ವಿಂಡೋಸ್ ಬಿಡುವ ಮೊದಲು ನುಡಿ ಫೈಲುಗಳಿಗೆ ದಾರಿ ಮಾಡಿ

ಪ್ರಶ್ನೆ: ಜಮಖಂಡಿಯಲ್ಲಿ ನಮ್ಮದು ಸಣ್ಣ ಡಿಟಿಪಿ ಮತ್ತು ಪ್ರಿಂಟಿಂಗ್ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್, ಸೊಸೈಟಿಗಳ ವಾರ್ಷಿಕ ವರದಿ ಮಾಡುತ್ತೇವೆ. ಎರಡು ಕಂಪ್ಯೂಟರ್ ಇವೆ, ಎರಡರಲ್ಲೂ ವಿಂಡೋಸ್ 10. ಒಂದು ಐ5-6500, 8 ಜಿಬಿ ರ್‍ಯಾಮ್. ಇನ್ನೊಂದು ಐ3-4130, 4 ಜಿಬಿ. ಪುಟ ಜೋಡಿಸಲು ಪೇಜ್‌ಮೇಕರ್ 7, ಕನ್ನಡ ಟೈಪಿಂಗಿಗೆ ನುಡಿ, ಚಿತ್ರಕ್ಕೆ ಕೋರೆಲ್ ಡ್ರಾ, ಲೆಕ್ಕಕ್ಕೆ ಟ್ಯಾಲಿ. ವಿಂಡೋಸ್ 10 ಮುಗಿಯಿತು ಅಂತ ಪರದೆ ಮೇಲೆ ಬರುತ್ತಿದೆ. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವ ಮಗ ‘ಮ್ಯಾಕ್ ತಗೋರಿ, ಹತ್ತು ವರ್ಷ ಚಿಂತಿ ಇಲ್ಲ’ ಅನ್ನುತ್ತಾನೆ. ರಿಪೇರಿ ಮಾಡುವವರು ‘ಲಿನಕ್ಸ್ ಹಾಕ್ತೀನ್ರಿ, ಖರ್ಚೇ ಇಲ್ಲ’ ಅನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೂ ನಿಮ್ಮ ಅಂಗಡಿಗೆ ಈಗ ಮ್ಯಾಕ್ ಬೇಡ, ಎರಡೂ ಕಂಪ್ಯೂಟರಿಗೆ ಲಿನಕ್ಸ್ ಹಾಕುವುದೂ ಬೇಡ. ಕಚೇರಿಗಳಲ್ಲಿ ಬಳಸಿ ಬಿಟ್ಟ, ಇಂಟೆಲ್‌ನ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರುವ ಒಂದು ಕಂಪ್ಯೂಟರನ್ನು ವಿಂಡೋಸ್ 11 ಸಮೇತ ತನ್ನಿ. ಟ್ಯಾಲಿ, ಕೋರೆಲ್, ಡಿಜಿಟಲ್ ಸಹಿಯ ಟೋಕನ್ ಅದಕ್ಕೆ ಹೋಗಲಿ. ಐ5-6500ಕ್ಕೆ ಎಸ್‌ಎಸ್‌ಡಿ (ತಿರುಗದ, ಚಿಪ್ಪಿನ ಡಿಸ್ಕ್) ಕೂಡಿಸಿ ಲಿನಕ್ಸ್ ಮಿಂಟ್ ಹಾಕಿ. ಐ3ರ ಇಂಟರ್ನೆಟ್ ಕಿತ್ತು ಬರೀ ಪೇಜ್‌ಮೇಕರ್‌ಗೆ ಇಟ್ಟುಕೊಳ್ಳಿ.

ಇಷ್ಟು ಮಾಡಿದರೂ ಅಸಲಿ ಗಂಟು ಹಾಗೇ ಉಳಿಯುತ್ತದೆ. ವರ್ಷಗಟ್ಟಲೆ ನುಡಿಯ ಆಸ್ಕಿ (ಹಳೇ ಬಗೆಯ ಅಕ್ಷರ ಸಂಕೇತದ) ಫಾಂಟಿನಲ್ಲಿ ಪೇಜ್‌ಮೇಕರ್‌ನೊಳಗೆ ಕೂಡಿಬಿದ್ದ ಮ್ಯಾಟರ್ ಇದೆಯಲ್ಲ, ನಿಮ್ಮನ್ನು ವಿಂಡೋಸ್‌ಗೆ ಕಟ್ಟಿಹಾಕಿರುವುದು ಅದೇ. ಅದನ್ನು ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ತರುವವರೆಗೆ ಯಾವ ಕಂಪನಿಯ ಯಂತ್ರ ಕೊಂಡರೂ ಹಳೇ ಯಂತ್ರ ಪಕ್ಕದಲ್ಲಿ ಇರಲೇಬೇಕು.

ಮೊದಲು ಪರದೆ ಮೇಲಿನ ಆ ಎಚ್ಚರಿಕೆಯ ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಂಪ್ಯೂಟರ್ ಎಂದಿನಂತೆ ನಡೆಯುತ್ತದೆ, ಪೇಜ್‌ಮೇಕರ್ ಎಂದಿನಂತೆ ತೆರೆಯುತ್ತದೆ. ಹೊಸದಾಗಿ ಪತ್ತೆಯಾಗುವ ಭದ್ರತೆಯ ತೂತುಗಳಿಗೆ ತೇಪೆ ಮಾತ್ರ ಬರುವುದಿಲ್ಲ. ಬ್ಯಾಂಕು, ಜಿಎಸ್‌ಟಿ, ಗಿರಾಕಿಗಳ ಪೆನ್‌ಡ್ರೈವ್, ವಾಟ್ಸ್‌ಆ್ಯಪ್‌ನಲ್ಲಿ ಬರುವ ಫೈಲು, ಎಲ್ಲವನ್ನೂ ಮುಟ್ಟುವ ಯಂತ್ರಕ್ಕೆ ಅದು ಸಣ್ಣ ವಿಷಯವಲ್ಲ. ವೈಯಕ್ತಿಕ ಬಳಕೆಯ ಕಂಪ್ಯೂಟರುಗಳಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗಳ ಯೋಜನೆಯೊಂದನ್ನು ಮೈಕ್ರೋಸಾಫ್ಟ್ ಇಟ್ಟಿದೆ. ಆವೃತ್ತಿ 22ಎಚ್2 ಆಗಿರಬೇಕು, ಮೈಕ್ರೋಸಾಫ್ಟ್ ಖಾತೆ ಇರಬೇಕು. ಸೆಟ್ಟಿಂಗ್ಸನ್ನು ವಿಂಡೋಸ್ ಬ್ಯಾಕಪ್‌ಗೆ ಜೋಡಿಸಲು ಒಪ್ಪಿದರೆ ದುಡ್ಡು ಕೊಡಬೇಕಿಲ್ಲ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ‘ಎನ್‌ರೋಲ್’ ಕೊಂಡಿ ಕಾಣುತ್ತದೆ. ಅವಸರದಲ್ಲಿ ತಪ್ಪು ಯಂತ್ರ ಕೊಳ್ಳದಿರಲು ಸಾಕಾಗುವಷ್ಟು ಕಾಲಾವಕಾಶ ಅದು.

ನಿಮ್ಮ ಎರಡೂ ಯಂತ್ರಗಳು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಇಂಟೆಲ್ ಆದರೆ ಎಂಟನೇ ತಲೆಮಾರಿನಿಂದ ಮೇಲೆ ಬೇಕು (ಏಳನೆಯದರಲ್ಲಿ ಬೆರಳೆಣಿಕೆಯ ಮಾದರಿಗಳಿಗಷ್ಟೇ ಅವಕಾಶ), ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು, ಸೆಕ್ಯೂರ್ ಬೂಟ್, ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಜಾಗ. ಡೆಸ್ಕ್‌ಟಾಪ್‌ಗಳಲ್ಲಿ ತಲೆಮಾರು ಗುರುತಿಸುವುದು ಸುಲಭ. ಅಡ್ಡಗೆರೆಯ ನಂತರ ನಾಲ್ಕು ಅಂಕೆ ಇದ್ದರೆ ಮೊದಲನೆಯದು, ಐದು ಇದ್ದರೆ ಮೊದಲೆರಡು ತಲೆಮಾರನ್ನು ಹೇಳುತ್ತವೆ. ಐ5-6500 ಆರನೆಯದು, ಐ5-8500 ಎಂಟನೆಯದು, ಐ5-10400 ಹತ್ತನೆಯದು. ‘ಐ7 ಐತ್ರಿ, ಭಾಳ ಫಾಸ್ಟ್’ ಎಂದು ಐ7-4770 ಮುಂದಿಡುವವರಿದ್ದಾರೆ. ಅದು ನಾಲ್ಕನೇ ತಲೆಮಾರು, ನಿಮ್ಮ ಐ3ರ ವಯಸ್ಸಿನದೇ. ಸೆಕೆಂಡ್ಸ್‌ನಲ್ಲಿ ಡೆಲ್ ಆಪ್ಟಿಪ್ಲೆಕ್ಸ್ 3060, ಎಚ್‌ಪಿ ಪ್ರೊಡೆಸ್ಕ್ 400 ಜಿ5, ಲೆನೊವೊ ಥಿಂಕ್‌ಸೆಂಟರ್ ಎಂ720 ಇವು ಎಂಟನೇ ತಲೆಮಾರಿನವು, ಕಚೇರಿಗಳಿಂದ ಬಂದವು ಬೇಕಾದಷ್ಟು ಓಡಾಡುತ್ತಿರುತ್ತವೆ. ಕೊಳ್ಳುವ ಮುನ್ನ ಅಲ್ಲೇ ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ ಟಿಪಿಎಂ ಡಾಟ್ ಎಂಎಸ್‌ಸಿ (tpm.msc) ಎಂದು ಬರೆದು ಎಂಟರ್ ಕೊಡಿ. ಆವೃತ್ತಿ 2.0 ಎಂದು ತೋರಿಸಬೇಕು. ಏನೂ ತೋರಿಸದಿದ್ದರೆ ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ಸ್) ಆಫ್ ಆಗಿರುವ ಸಂಭವ ಹೆಚ್ಚು. ಆನ್ ಮಾಡಿಸಿ ನೋಡಿದ ಮೇಲೆ ದುಡ್ಡು ಎಣಿಸಿ.

ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಈ ತಪಾಸಣೆ ತಪ್ಪಿಸಿ ಐ5-6500ಕ್ಕೂ ವಿಂಡೋಸ್ 11 ಹಾಕಬಹುದು, ನಡೆಯುತ್ತದೆ ಕೂಡ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್‌ನ ಖಾತರಿ ಇಲ್ಲ, ಪ್ರತಿ ದೊಡ್ಡ ಆವೃತ್ತಿಗೂ ಮತ್ತೆ ಕೈಯಿಂದಲೇ ಏರಿಸಬೇಕು. ಆಟಕ್ಕೆ ಸರಿ. ಟ್ಯಾಲಿ ಡೇಟಾ ಇರುವ ಯಂತ್ರದಲ್ಲಿ ಆ ಉಪದ್ವ್ಯಾಪ ಬೇಡ.

ಮ್ಯಾಕ್ ವಾದ ಎಲ್ಲಿಯವರೆಗೆ ನಿಲ್ಲುತ್ತದೆ

ಪೇಜ್‌ಮೇಕರ್ 1985ರಲ್ಲಿ ಮೊಟ್ಟಮೊದಲು ಬಂದದ್ದೇ ಮ್ಯಾಕಿಂತೋಷ್‌ಗೆ. ಡಿಟಿಪಿ ಎಂಬ ಕಸುಬೇ ಅಲ್ಲಿಂದ ಶುರು. ಇಂದು ಅದೇ ಪೇಜ್‌ಮೇಕರ್ ಮ್ಯಾಕ್‌ನಲ್ಲಿ ತೆರೆಯುವುದಿಲ್ಲ. ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದನ್ನು ಆಗ ಬಂದ ಹೊಸ ಆಪರೇಟಿಂಗ್ ಸಿಸ್ಟಂ ಮ್ಯಾಕ್ಓಎಸ್ ಹತ್ತಕ್ಕೆ ಯಾರೂ ಹೊಂದಿಸಲೇ ಇಲ್ಲ.

ಯಂತ್ರವಾಗಿ ಮ್ಯಾಕ್ ಚೆನ್ನಾಗಿದೆ, ಅದರಲ್ಲಿ ವಾದವಿಲ್ಲ. ಎಂ4 ಮ್ಯಾಕ್ ಮಿನಿ 16 ಜಿಬಿ ರ್‍ಯಾಮ್ ಮತ್ತು 256 ಜಿಬಿ ಸಂಗ್ರಹದೊಂದಿಗೆ 2024ರ ಕೊನೆಯಲ್ಲಿ ನಮ್ಮಲ್ಲಿ 59,900 ರೂಪಾಯಿಗೆ ಬಂತು. ಪೂರ್ತಿ ದುಡಿಸಿದರೂ ಅದು ಎಳೆಯುವುದು 65 ವ್ಯಾಟ್ ಮಾತ್ರ. ಹೆಸ್ಕಾಂ ಕರೆಂಟ್ ಕೈಕೊಟ್ಟಾಗ ಸಾಧಾರಣ ಯುಪಿಎಸ್ ಮೇಲೆ ಹಳೇ ಡೆಸ್ಕ್‌ಟಾಪಿಗಿಂತ ಎಷ್ಟೋ ಹೊತ್ತು ನಿಲ್ಲುತ್ತದೆ. ಆದರೆ ಆ ಬೆಲೆಗೆ ಬರುವುದು ಬರೀ ಡಬ್ಬಿ. ಮಾನಿಟರ್, ಕೀಬೋರ್ಡ್, ಮೌಸ್ ನಿಮ್ಮವೇ. ಹಳೇ ಅಗಲ ಮೂತಿಯ ಯುಎಸ್‌ಬಿ ಕಿಂಡಿ ಒಂದೂ ಇಲ್ಲ, ಎಲ್ಲ ಟೈಪ್-ಸಿ. ಪ್ರಿಂಟರ್ ಕೇಬಲ್, ಟೋಕನ್, ಪೆನ್‌ಡ್ರೈವ್ ಎಲ್ಲಕ್ಕೂ ಹಬ್ ಬೇಕು. ರ್‍ಯಾಮ್ ಆಮೇಲೆ ಏರಿಸಲಾಗದು. ಆ್ಯಪಲ್ ಹೇಳುವ ಬಳಕೆಯ ಉಷ್ಣಾಂಶ 10ರಿಂದ 35 ಡಿಗ್ರಿ. ಪತ್ರಾಸಿನ ಕೆಳಗಿನ ಅಂಗಡಿ ಏಪ್ರಿಲ್-ಮೇನಲ್ಲಿ ಎಷ್ಟು ಕಾಯುತ್ತದೆಂದು ನಿಮಗೇ ಗೊತ್ತು. ಸುಟ್ಟುಹೋಗುವುದಿಲ್ಲ, ಆದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ.

‘ಹತ್ತು ವರ್ಷ ಚಿಂತೆ ಇಲ್ಲ’ ಎಂಬ ಮಾತು ಅಷ್ಟು ಗಟ್ಟಿಯಲ್ಲ. 2020ರ ಆರಂಭದಲ್ಲಿ ಬಂದ ಇಂಟೆಲ್ ಮ್ಯಾಕ್‌ಬುಕ್ ಏರ್, 2025ರಲ್ಲಿ ಬಂದ ಮ್ಯಾಕ್ಓಎಸ್ 26ಕ್ಕೆ ಅರ್ಹವಾಗಲಿಲ್ಲ. ಇಂಟೆಲ್ ಮ್ಯಾಕ್‌ಗಳಿಗೆ ಆ ಆವೃತ್ತಿಯೇ ಕೊನೆ. 2020ರ ನವೆಂಬರ್‌ನಲ್ಲಿ ಆ್ಯಪಲ್‌ನ ಸ್ವಂತ ಚಿಪ್ಪು ಎಂ1 ಬಂದದ್ದೇ ಇಂಟೆಲ್‌ನವುಗಳ ದಿನ ಎಣಿಸಲು ಶುರು. ಅಗ್ಗಕ್ಕೆ ಸಿಗುತ್ತದೆಂದು ಸೆಕೆಂಡ್ಸ್ ಇಂಟೆಲ್ ಮ್ಯಾಕ್ ತರಲೇಬೇಡಿ.

ಕೋರೆಲ್ 2019ರಿಂದ ಮ್ಯಾಕ್‌ಗೂ ಇದೆ, ಫೋಟೋಶಾಪ್ ಇದ್ದೇ ಇದೆ. ಟ್ಯಾಲಿ ಇಲ್ಲ, ನುಡಿ ಇಲ್ಲ. ‘ಪ್ಯಾರಲಲ್ಸ್ ಹಾಕಿದರೆ ವಿಂಡೋಸ್ ಒಳಗೇ ನಡೀತದ’ ಎಂದು ಮಗ ಹೇಳಬಹುದು. ನಡೆಯುತ್ತದೆ, ಆದರೆ ಅದು ಆರ್ಮ್ ಚಿಪ್ಪಿನ (ಈಗಿನ ಮ್ಯಾಕ್‌ಗಳ ಚಿಪ್ಪು ಇಂಟೆಲ್ ಅಲ್ಲ, ಈ ಬಗೆಯದು) ವಿಂಡೋಸ್ 11. ಸಾಮಾನ್ಯ ಪ್ರೋಗ್ರಾಂಗಳನ್ನು ಅದು ಅನುಕರಣೆಯಿಂದ ನಡೆಸಿಕೊಳ್ಳುತ್ತದೆ, ಪ್ರಿಂಟರ್‌ನಂಥ ಸಾಧನಗಳನ್ನು ನಡೆಸುವ ಡ್ರೈವರ್‌ಗಳನ್ನು ಹಾಗೆ ನಡೆಸಲಾರದು. ಡ್ರೈವರ್ ಆರ್ಮ್‌ಗಾಗಿಯೇ ಬರೆದದ್ದಾಗಿರಬೇಕು. ಆದ್ದರಿಂದ ಸ್ವಂತ ಡ್ರೈವರ್ ಕೇಳುವ ಹಳೇ ಲೇಸರ್ ಪ್ರಿಂಟರ್, ಡಾಂಗಲ್ (ಲೈಸೆನ್ಸ್‌ಗಾಗಿ ಚುಚ್ಚುವ ಯುಎಸ್‌ಬಿ ಕೀ) ಬೇಡುವ ಮರಾಠಿ ಫಾಂಟ್ ತಂತ್ರಾಂಶ, ಕೆಲವು ಟೋಕನ್‌ಗಳು ಅಲ್ಲಿ ಕೈಕೊಡುತ್ತವೆ. ಬೆಳಗಾವಿ ಕಡೆಯ ಗಿರಾಕಿಗಳಿಗೆ ಮರಾಠಿ ಲಗ್ನಪತ್ರಿಕೆ ಮಾಡುವುದಿದ್ದರೆ ಈ ಡಾಂಗಲ್ ವಿಷಯ ಮೊದಲೇ ಕೇಳಿಕೊಳ್ಳಿ.

ಇನ್ನೊಂದು ಕಿರಿಕಿರಿ: ವಿಂಡೋಸ್‌ನ ಎನ್‌ಟಿಎಫ್‌ಎಸ್ ಹಾರ್ಡ್‌ಡಿಸ್ಕನ್ನು ಮ್ಯಾಕ್ ಓದುತ್ತದೆ, ಅದರ ಮೇಲೆ ಬರೆಯುವುದಿಲ್ಲ. ಎರಡೂ ಕಡೆ ಓಡಾಡುವ ಡ್ರೈವ್ ಎಕ್ಸ್‌ಫ್ಯಾಟ್ ಆಗಿರಬೇಕು. ಎಕ್ಸ್‌ಫ್ಯಾಟ್‌ಗೆ ಜರ್ನಲ್ (ಅರ್ಧಕ್ಕೆ ನಿಂತ ಬರಹವನ್ನು ಸರಿಪಡಿಸುವ ದಾಖಲೆ) ಇಲ್ಲದ ಕಾರಣ ಕಾಪಿ ನಡೆಯುವಾಗ ಕರೆಂಟ್ ಹೋದರೆ ಇಡೀ ಫೋಲ್ಡರ್ ಕೆಡುವ ಅಪಾಯವಿದೆ. ಮೂಲ ಪ್ರತಿ ಅದರಲ್ಲಿ ಇಡಬೇಡಿ.

ಲಿನಕ್ಸ್: ಖರ್ಚಿಲ್ಲ ಅನ್ನುವುದು ಅರ್ಧ ನಿಜ

ಲೈಸೆನ್ಸ್‌ಗೆ ಖರ್ಚಿಲ್ಲ, ಕಲಿಯಲು ಮತ್ತು ಹೊಂದಿಸಲು ಸಮಯ ಹೋಗುತ್ತದೆ. ಲಿನಕ್ಸ್ ಮಿಂಟ್ 22ಕ್ಕೆ 2 ಜಿಬಿ ರ್‍ಯಾಮ್ ಸಾಕೆನ್ನುತ್ತಾರೆ; 4 ಇದ್ದರೆ ನೆಮ್ಮದಿ, ನಿಮ್ಮ 8 ಧಾರಾಳ. 2029ರವರೆಗೆ ಅಪ್‌ಡೇಟ್ ಬರುತ್ತದೆ. ಆದರೆ ತಿರುಗುವ ಹಾರ್ಡ್‌ಡಿಸ್ಕ್ ಮೇಲೆ ಹಾಕಿ ‘ಸ್ಲೋ ಐತಿ’ ಎಂದು ಬೈಯಬೇಡಿ. ಐ5-6500ಕ್ಕೆ ಎರಡೂವರೆ ಇಂಚಿನ 480 ಅಥವಾ 500 ಜಿಬಿ ಸಾಟಾ ಎಸ್‌ಎಸ್‌ಡಿ ಹಾಕಿ. ವಿಂಡೋಸ್‌ನಲ್ಲೇ ಉಳಿದರೂ ಮಾಡಬೇಕಾದ ಕೆಲಸ ಅದು.

ಹಾಕುವಾಗ ವಿಂಡೋಸ್ ಇರುವ ಡಿಸ್ಕಿನ ಸಾಟಾ ಕೇಬಲ್ ಕಿತ್ತಿಡಿ, ಖಾಲಿ ಎಸ್‌ಎಸ್‌ಡಿ ಒಂದೇ ಇರಲಿ. ಆಗ ತಪ್ಪು ಡಿಸ್ಕ್ ಒರೆಸಿಹೋಗುವ ಪ್ರಶ್ನೆಯೇ ಬರುವುದಿಲ್ಲ, ಬೂಟ್ ಫೈಲುಗಳೂ ಕಲಸಿಹೋಗುವುದಿಲ್ಲ. ಮುಗಿದ ಮೇಲೆ ಕೇಬಲ್ ಜೋಡಿಸಿ. ಯಾವುದರಿಂದ ಶುರುವಾಗಬೇಕೆಂದು ಬೂಟ್ ಮೆನುವಿನಲ್ಲಿ ಆರಿಸಬಹುದು. ವಿಂಡೋಸ್ ಡಿಸ್ಕಿಗೆ ಲಿನಕ್ಸ್‌ನಿಂದ ಬರೆಯಲು ಆಗದಿದ್ದರೆ ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಶಟ್‌ಡೌನ್ ಆಗದೆ ಡಿಸ್ಕನ್ನು ಅರ್ಧ ತೆರೆದೇ ಮಲಗುತ್ತದೆ. ವಿಂಡೋಸ್‌ನಲ್ಲಿ ಗಡಿಯಾರ ಐದೂವರೆ ತಾಸು ಹಿಂದೆ ಬಿದ್ದರೆ ಗಾಬರಿಯಾಗಬೇಡಿ. ಲಿನಕ್ಸ್ ಮದರ್‌ಬೋರ್ಡಿನಲ್ಲಿ ಗ್ರೀನಿಚ್ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಎಂದು ಓದುತ್ತದೆ. ಲಿನಕ್ಸ್‌ಗೆ ಸ್ಥಳೀಯ ಸಮಯ ಬಳಸಲು ಹೇಳಿದರೆ ಮುಗಿಯಿತು.

ಹಾಕುವ ಮುನ್ನ ಪೆನ್‌ಡ್ರೈವ್‌ನಿಂದಲೇ ಮಿಂಟ್ ಶುರುಮಾಡಿ ಪ್ರಿಂಟರ್ ನೋಡಿ. ಅಂಗಡಿಗಳಲ್ಲಿ ಲಿನಕ್ಸ್ ಸೋಲುವುದು ಸಾಮಾನ್ಯವಾಗಿ ಅಲ್ಲೇ. ಎಚ್‌ಪಿ ಲೇಸರ್‌ಜೆಟ್ 1020 ಇದ್ದರೆ ಎಚ್‌ಪಿಯ ಪ್ಲಗಿನ್ ಪ್ರತ್ಯೇಕ ಇಳಿಸಬೇಕು, ಏಕೆಂದರೆ ಆ ಪ್ರಿಂಟರ್ ಪ್ರತಿ ಸಲ ಆನ್ ಆದಾಗಲೂ ಕಂಪ್ಯೂಟರಿನಿಂದ ಫರ್ಮ್‌ವೇರ್ ಬೇಡುತ್ತದೆ. ಕ್ಯಾನನ್ ಎಲ್‌ಬಿಪಿ 2900 ಇದ್ದರೆ ಹಟ ಮಾಡಬೇಡಿ. ಅದರ ಲಿನಕ್ಸ್ ಡ್ರೈವರ್ ಇದೆ, ಆದರೆ ಹಿನ್ನೆಲೆಯಲ್ಲಿ ನಡೆಯುವ ಅದರ ಸೇವೆ ನಿಂತುಹೋಗಿ ಪುಟಗಳು ಸಾಲಿನಲ್ಲೇ ಕೂರುತ್ತವೆ. ಇಂದು ಬಂದ ಪ್ರಿಂಟ್ ನಾಳೆ ಬಾರದು. ಅದನ್ನು ವಿಂಡೋಸ್ ಯಂತ್ರಕ್ಕೇ ಇಡಿ. ಲಿನಕ್ಸ್‌ನಲ್ಲಿ ಪಿಡಿಎಫ್ ಮಾಡಿ ಹಂಚಿಕೆಯ ಫೋಲ್ಡರಿಗೆ ಹಾಕಿ, ಅಲ್ಲಿಂದ ಪ್ರಿಂಟ್ ಕೊಡಿ. ಎಪ್ಸನ್ ಎಲ್ ಸರಣಿ, ಬ್ರದರ್, ನೆಟ್‌ವರ್ಕ್ ಇರುವ ಹೊಸ ಪ್ರಿಂಟರ್‌ಗಳ ಜೊತೆ ಈ ತಕರಾರು ಕಡಿಮೆ.

ಕೀಲಿಮಣೆಯ ವಿಷಯದಲ್ಲಿ ಲಿನಕ್ಸ್ ಮ್ಯಾಕ್‌ಗಿಂತ ನಿಮಗೆ ಹತ್ತಿರ. ಮ್ಯಾಕ್ ಜೊತೆ ಬರುವ ಕನ್ನಡ ಕೀಲಿಮಣೆಗಳು ಇನ್‌ಸ್ಕ್ರಿಪ್ಟ್ ಮತ್ತು ಕ್ವರ್ಟಿ ಮಾದರಿಯವು. ನುಡಿಯಲ್ಲಿ ನಿಮ್ಮ ಆಪರೇಟರ್ ಕೈಗೆ ಕೂತಿರುವುದು ಎಫ್ ಒತ್ತಿ ಒತ್ತಕ್ಷರ ಮಾಡುವ ಕಗಪ ವಿನ್ಯಾಸ. ಲಿನಕ್ಸ್‌ನಲ್ಲಿ ಅದು ಎರಡು ಕಡೆ ಸಿಗುತ್ತದೆ, ಇಲ್ಲೇ ಹಲವರು ಎಡವುತ್ತಾರೆ. ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್ ಪಟ್ಟಿಯಲ್ಲಿರುವ ಕಗಪ, ಹಿಂದೆ ಯಾವ ಅಕ್ಷರ ಬಿತ್ತೆಂದು ನೋಡುವುದಿಲ್ಲ. ಹಾಗಾಗಿ ಪದದ ಮೊದಲ ಸ್ವರಕ್ಕೂ ವ್ಯಂಜನದ ಮೇಲಿನ ಗುಣಿತಕ್ಕೂ ಬೇರೆ ಬೇರೆ ಕೀ ಒತ್ತಬೇಕಾಗುತ್ತದೆ. ನುಡಿಯಂತೆ ಸಂದರ್ಭ ನೋಡಿ ತಾನೇ ತೀರ್ಮಾನಿಸುವುದು ಲಿನಕ್ಸ್‌ನ ಟೈಪಿಂಗ್ ವ್ಯವಸ್ಥೆಯಾದ ಐಬಸ್‌ನ ಎಂ17ಎನ್ ಪ್ಯಾಕೇಜಿನ ಕನ್ನಡ ಕೆಜಿಪಿ. ಅದನ್ನೇ ಹಾಕಿಕೊಡಿ.

ಲಿನಕ್ಸ್ ಯಂತ್ರದಿಂದ ಯಾರೂ ಹೇಳದ ಒಂದು ಲಾಭವಿದೆ. ಝೆರಾಕ್ಸ್ ಅಂಗಡಿ ಸುತ್ತಿ ಬಂದ ಪೆನ್‌ಡ್ರೈವ್‌ಗಳಲ್ಲಿ ಫೋಲ್ಡರ್ ಮಾಯವಾಗಿ ಶಾರ್ಟ್‌ಕಟ್ ಮಾತ್ರ ಕಾಣುವ ವೈರಸ್ ನೀವು ನೋಡಿಯೇ ಇರುತ್ತೀರಿ. ಅದು ವಿಂಡೋಸ್‌ಗೆ ಬರೆದದ್ದು, ಮಿಂಟ್‌ನಲ್ಲಿ ಏಳುವುದಿಲ್ಲ. ಬಚ್ಚಿಟ್ಟ ಅಸಲಿ ಫೋಲ್ಡರನ್ನೂ ಅಲ್ಲಿ ತೆರೆದು ಬೇಕಾದ ಫೈಲು ಮಾತ್ರ ಎತ್ತಿಕೊಳ್ಳಬಹುದು. ಗಿರಾಕಿಗಳ ಪೆನ್‌ಡ್ರೈವ್ ಮೊದಲು ಚುಚ್ಚುವುದು ಆ ಯಂತ್ರಕ್ಕೇ ಎಂದು ನಿಯಮ ಮಾಡಿ.

ಇನ್ನು ಮುದ್ರಣ. ಕೋರೆಲ್ ಲಿನಕ್ಸ್‌ಗೆ ಇಲ್ಲ. ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶ ಕೋರೆಲ್‌ನ ಹಳೇ ಸಿಡಿಆರ್ ಫೈಲುಗಳನ್ನು ತಕ್ಕಮಟ್ಟಿಗೆ ತೆರೆಯುತ್ತದೆ, ನೆರಳು-ಪಾರದರ್ಶಕತೆ ಇದ್ದಲ್ಲಿ ಕೆಡುತ್ತದೆ. ಒಂದು ಬಣ್ಣದ ಹ್ಯಾಂಡ್‌ಬಿಲ್‌ಗೆ ಸಾಕು. ನಾಲ್ಕು ಬಣ್ಣಕ್ಕೆ ನೇರವಾಗಿ ಬಳಸಬೇಡಿ, ಅದು ಕೊಡುವ ಪಿಡಿಎಫ್ ಆರ್‌ಜಿಬಿ (ಪರದೆಯ ಕೆಂಪು, ಹಸಿರು, ನೀಲಿ). ಪ್ಲೇಟ್ ಹಾಕುವಲ್ಲಿ ಬಣ್ಣ ಬೇರ್ಪಡಿಸುವಾಗ ನಿಮ್ಮ ಕಪ್ಪು ಅಕ್ಷರ ಸಯಾನ್, ಮಜೆಂಟಾ, ಹಳದಿ, ಕಪ್ಪು ನಾಲ್ಕೂ ಪ್ಲೇಟಿಗೆ ಹಂಚಿಹೋಗುತ್ತದೆ. ಯಂತ್ರದ ಮೇಲೆ ಕೂದಲೆಳೆಯಷ್ಟು ರಿಜಿಸ್ಟ್ರೇಶನ್ (ಪ್ಲೇಟುಗಳ ಹೊಂದಾಣಿಕೆ) ತಪ್ಪಿದರೂ ಸಣ್ಣ ಅಕ್ಷರದ ಒತ್ತು, ಸುಳಿ ಎಲ್ಲ ಬಣ್ಣದ ಅಂಚು ಹೊತ್ತು ಮಸುಕಾಗುತ್ತವೆ. ಹೆಸರುಗಳೇ ತುಂಬಿದ ಲಗ್ನಪತ್ರಿಕೆಯಲ್ಲಿ ಇದು ಎದ್ದು ಕಾಣುತ್ತದೆ. ಚಿತ್ರವನ್ನು ಇಂಕ್‌ಸ್ಕೇಪ್‌ನಲ್ಲಿ ಮಾಡಿ, ಅಕ್ಷರಗಳನ್ನು ಪುಟ ಜೋಡಿಸುವ ತಂತ್ರಾಂಶವಾದ ಸ್ಕ್ರೈಬಸ್‌ನಲ್ಲಿ ಹಾಕಿ. ಬಣ್ಣದ ಪಟ್ಟಿಯಲ್ಲಿ ಕಪ್ಪು ಸಿಎಂವೈಕೆ (ಮುದ್ರಣದ ಆ ನಾಲ್ಕು ಬಣ್ಣ) ಆಗಿ 0, 0, 0, 100 ಇದೆಯೇ ನೋಡಿ, ನಂತರ ಮುದ್ರಣದ ಪಿಡಿಎಫ್ ಬಗೆಯಾದ ಪಿಡಿಎಫ್/ಎಕ್ಸ್ ಆಗಿ ತೆಗೆಯಿರಿ. ಸ್ಕ್ರೈಬಸ್ 1.6ರಲ್ಲಿ ಯೂನಿಕೋಡ್ ಕನ್ನಡ ಒತ್ತಕ್ಷರ ಸಮೇತ ಸರಿಯಾಗಿ ಕೂಡುತ್ತದೆ, 1.4ರ ಹಳೇ ಆವೃತ್ತಿಯಲ್ಲಿ ಒಡೆಯುತ್ತದೆ, ಅದನ್ನು ಹಾಕಿ ಕನ್ನಡ ಬರುವುದಿಲ್ಲ ಎಂದು ತೀರ್ಮಾನಿಸಬೇಡಿ. ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ನಿಮಗೆ ಪ್ಲೇಟ್ ಹಾಕಿಕೊಡುವವರು ಕೋರೆಲ್ ಫೈಲನ್ನೇ ಕೇಳುತ್ತಾರೋ ಪಿಡಿಎಫ್ ತಗೊಳ್ಳುತ್ತಾರೋ ಇಂದೇ ಫೋನ್ ಮಾಡಿ ಕೇಳಿ. ಪಿಡಿಎಫ್ ಆದೀತು ಎಂದರೆ ನಿಮ್ಮ ಅರ್ಧ ಚರ್ಚೆ ಅಲ್ಲಿಗೇ ಮುಗಿಯಿತು.

ಆಸ್ಕಿಯಿಂದ ಹೊರಬರುವ ದಾರಿ

ನುಡಿಯ ಆಸ್ಕಿ ಫಾಂಟಿನಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಕನ್ನಡ ಅಕ್ಷರಗಳನ್ನಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಕೂಡಿಸಿರುತ್ತಾರೆ, ಅಷ್ಟೇ. ಫಾಂಟ್ ಬದಲಿಸಿದ ಕೂಡಲೇ ಅರ್ಥವಿಲ್ಲದ ಸಾಲು ಕಾಣುವುದು ಅದಕ್ಕೇ. ಫಾಂಟ್ ಫೈಲನ್ನು ಲಿನಕ್ಸ್‌ಗೂ ಹಾಕಿಕೊಂಡು ಹಳೆಯದನ್ನು ಓದಬಹುದು, ಆದರೆ ಆ ತುಂಡುಗಳನ್ನು ಜೋಡಿಸಿ ಟೈಪ್ ಮಾಡಿಸುವ ನುಡಿ ತಂತ್ರಾಂಶ ವಿಂಡೋಸ್‌ನದು. ಪೇಜ್‌ಮೇಕರ್‌ಗಂತೂ ಯೂನಿಕೋಡ್ ಗೊತ್ತೇ ಇಲ್ಲ. ಕೋರೆಲ್ 12, ಎಕ್ಸ್3ರಂಥ ಹಳೇ ಆವೃತ್ತಿಗಳಲ್ಲೂ ಯೂನಿಕೋಡ್ ಕನ್ನಡ ಒಡೆದೇ ಬೀಳುತ್ತದೆ.

ಎಲ್ಲ ಫೈಲುಗಳನ್ನೂ ಬದಲಿಸಲು ಕೂರಬೇಡಿ. ಮುಗಿದ ಲಗ್ನದ ಪತ್ರಿಕೆ ಮತ್ತೆ ಯಾರಿಗೂ ಬೇಡ. ಅವನ್ನು ಪಿಡಿಎಫ್ ಮಾಡಿಟ್ಟರೆ ಸಾಕು. ವರ್ಷವರ್ಷ ಮರಳಿ ಬರುವವು ಯಾವುವು? ಸೊಸೈಟಿ ವರದಿಯ ಚೌಕಟ್ಟು, ಬಿಲ್ ಬುಕ್ ತಲೆಬರಹ, ಜಾತ್ರಾ ಕಮಿಟಿಯ ಕಾರ್ಯಕ್ರಮ ಪಟ್ಟಿ, ‘ಶುಭವಿವಾಹ’ದ ಸಿದ್ಧ ಒಕ್ಕಣೆಗಳು. ಇವಿಷ್ಟೇ ಮೊದಲು.

ಪೇಜ್‌ಮೇಕರ್‌ನಲ್ಲಿ ಒಂದೊಂದು ‘ಸ್ಟೋರಿ’ಯನ್ನೂ (ಒಂದೇ ಓಟದ ಮ್ಯಾಟರ್) ಎಕ್ಸ್‌ಪೋರ್ಟ್ ಮಾಡಿ ಹೊರತೆಗೆಯಿರಿ. ನುಡಿಯ ಜೊತೆಗೇ ಬರುವ ಪರಿವರ್ತಕಕ್ಕೆ ಕೊಡುವ ಮೊದಲು ಅದರಲ್ಲಿನ ಇಂಗ್ಲಿಷ್ ಭಾಗ ಬೇರೆ ಮಾಡಿ. ಪರಿವರ್ತಕ ಫಾಂಟ್ ನೋಡುವುದಿಲ್ಲ, ಅಕ್ಷರ ಮಾತ್ರ ನೋಡುತ್ತದೆ. ಇಂಗ್ಲಿಷ್‌ನಲ್ಲಿದ್ದ ಕಂಪನಿ ಹೆಸರು, ಇಮೇಲ್ ವಿಳಾಸ ಎಲ್ಲ ಕನ್ನಡದ ಕಲಸುಮೇಲೋಗರವಾಗುತ್ತದೆ. ಮೊಬೈಲ್ ನಂಬರ್, ಹಣದ ಅಂಕಿಗಳು ಕನ್ನಡ ಅಂಕಿಗಳಾಗಿ ತಿರುಗಿವೆಯೇ ನೋಡಿ. ಬ್ಯಾಲೆನ್ಸ್ ಶೀಟ್‌ನಲ್ಲಿ ಅರ್ಧ ಹಾಗೆ ಅರ್ಧ ಹೀಗೆ ಇದ್ದರೆ ಸೊಸೈಟಿಯವರು ಬಿಡುವುದಿಲ್ಲ. ಮರಾಠಿ ಭಾಗವಿದ್ದರೆ ಅದಕ್ಕೆ ಬೇರೆಯೇ ಪರಿವರ್ತಕ ಬೇಕು.

ತಿರುಗಿಸಿದ ಮೇಲೆ ಕಣ್ಣಿಡಬೇಕಾದ ಜಾಗಗಳು ಕೆಲವೇ. ಅರ್ಕಾವತ್ತು ಇರುವ ಪದಗಳು: ಕಾರ್ಯದರ್ಶಿ, ಮಾರ್ಚ್, ವರ್ಷ. ‘ರ್‍ಯಾಲಿ’ಯ ರ್‍ಯಾ ಮತ್ತು ‘ಕಾರ್ಯ’ದ ರ್ಯ ಬೇರೆ ಬೇರೆ, ಮೊದಲನೆಯದಕ್ಕೆ ನಡುವೆ ಕಾಣದ ಜೋಡಣೆಯ ಗುರುತು ಬೇಕು. ‘ಸಾಫ್ಟ್‌ವೇರ್’ನಲ್ಲಿ ಕಾಣದ ಇನ್ನೊಂದು ಗುರುತು, ಬಿಡಿಸುವ ಗುರುತು, ಬಿದ್ದುಹೋದರೆ ವೇ ಎಂಬುದು ಟಕಾರದ ಕೆಳಗೆ ಒತ್ತಾಗಿ ಇಳಿಯುತ್ತದೆ. ಸ್ತ್ರೀ, ಜ್ಞಾ, ಕೃ ಇವನ್ನೂ ನೋಡಿ. ಮನೆತನದ ಹೆಸರುಗಳನ್ನು ಒಂದೊಂದಾಗಿ ಓದಿ, ಅಲ್ಲಿ ತಪ್ಪಿದರೆ ಮರುಮುದ್ರಣದ ಖರ್ಚು ನಿಮ್ಮದೇ.

ಅಡೋಬಿ ಇನ್‌ಡಿಸೈನ್ ಸಿಎಸ್6 ಮತ್ತು ಅದರ ಹಿಂದಿನವು ಪೇಜ್‌ಮೇಕರ್ ಫೈಲು ತೆರೆಯುತ್ತವೆ, ಈಗ ಚಂದಾಕ್ಕೆ ಸಿಗುವ ಇನ್‌ಡಿಸೈನ್ ತೆರೆಯುವುದಿಲ್ಲ. ಲಿಬ್ರೆಆಫೀಸ್ ಡ್ರಾ ಮತ್ತು ಸ್ಕ್ರೈಬಸ್ ಕೂಡ ತೆರೆಯಬಲ್ಲವು. ಪುಟದ ಅಳತೆ, ಚೌಕಟ್ಟು ಸಿಗುತ್ತವೆ, ಸಾಲುಗಳು ಸರಿದಿರುತ್ತವೆ. ಮ್ಯಾಟರ್ ಎತ್ತಿಕೊಳ್ಳಲು ಸಾಕು. ಹೊಸ ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡ ಒಡೆದು ಕಂಡರೆ ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು.

‘ಯೂನಿಕೋಡ್‌ನಲ್ಲಿ ಫಾಂಟೇ ಇಲ್ಲ’ ಎಂಬ ದೂರು ಈಗ ಅರ್ಧವಷ್ಟೇ ಸರಿ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ತಿರೋ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ 2, ಬೆಣ್ಣೆ, ಅಕಾಯಾ ಕನಡಕ, ನೋಟೋ ಸೆರಿಫ್ ಇವೆ. ಹುಬ್ಬಳ್ಳಿ ಎಂಬ ಹೆಸರಿನದೂ ಒಂದಿದೆ. ವರದಿ, ಪುಸ್ತಕಕ್ಕೆ ತಿರೋ ಚೆನ್ನಾಗಿ ಒಪ್ಪುತ್ತದೆ. ಬಳ್ಳಿಬಳುಕಿನ ಲಗ್ನಪತ್ರಿಕೆ ಅಕ್ಷರಗಳು ಮಾತ್ರ ಈಗಲೂ ಹೆಚ್ಚಾಗಿ ಆಸ್ಕಿಯಲ್ಲೇ. ತಲೆಬರಹವನ್ನು ವಿಂಡೋಸ್ ಯಂತ್ರದ ಕೋರೆಲ್‌ನಲ್ಲಿ ಮಾಡಿ, ಕರ್ವ್ ಮಾಡಿ (ಅಕ್ಷರವನ್ನು ಗೆರೆಗಳ ಆಕಾರವಾಗಿಸಿ), ಚಿತ್ರದಂತೆ ತಂದು ಕೂಡಿಸಿಕೊಳ್ಳಿ. ಕರ್ವ್ ಆದ ಅಕ್ಷರ ತಿದ್ದಲಾಗದು, ಆದ್ದರಿಂದ ಅದಕ್ಕೂ ಮೊದಲಿನ ಪ್ರತಿ ಉಳಿಸಿ.

ಐ3ರಲ್ಲಿ ಒಂದು ತೊಂದರೆ ಆಗಾಗ ಕಾಣಬಹುದು: ಪೇಜ್‌ಮೇಕರ್‌ನಲ್ಲಿ ನುಡಿ ಆನ್ ಇದ್ದರೂ ಇಂಗ್ಲಿಷೇ ಬೀಳುವುದು. ಪೇಜ್‌ಮೇಕರನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ನುಡಿಯನ್ನು ಸಾದಾ ತೆರೆದಾಗ ಹೀಗಾಗುತ್ತದೆ. ಮೇಲಿನ ಹಂತದ ಪ್ರೋಗ್ರಾಂನ ಕೀಲಿಗಳನ್ನು ಕೆಳಗಿನದು ಹಿಡಿಯಲು ವಿಂಡೋಸ್ ಬಿಡುವುದಿಲ್ಲ. ಎರಡನ್ನೂ ಒಂದೇ ರೀತಿ ತೆರೆಯಿರಿ.

ಯಾವಾಗ, ಯಾವ ಕ್ರಮದಲ್ಲಿ

ಲಗ್ನಸರಾಯಿಯಲ್ಲಿ ಯಂತ್ರ ಮುಟ್ಟಬೇಡಿ. ಆಷಾಢ ಸರಿಯಾದ ಕಾಲ, ಪತ್ರಿಕೆ ಕೆಲಸ ಇರುವುದಿಲ್ಲ. ತಿಂಗಳೊಳಗೂ 10ರಿಂದ 20ನೇ ತಾರೀಖು ಬಿಟ್ಟುಬಿಡಿ. ಜಿಎಸ್‌ಟಿಯ ಮಾಸಿಕ ಲೆಕ್ಕಪತ್ರಗಳಲ್ಲಿ ಜಿಎಸ್‌ಟಿಆರ್-1 11ಕ್ಕೆ, ಜಿಎಸ್‌ಟಿಆರ್-3ಬಿ 20ಕ್ಕೆ. ಅಂದಹಾಗೆ ನಿಮ್ಮದು ಸ್ವಂತ ಮಾಲೀಕತ್ವದ ಅಂಗಡಿಯಾದರೆ ಜಿಎಸ್‌ಟಿ ಸಲ್ಲಿಕೆಗೆ ಡಿಜಿಟಲ್ ಸಹಿಯ ಟೋಕನ್ ಕಡ್ಡಾಯವಲ್ಲ, ಮೊಬೈಲ್ ಒಟಿಪಿ ಸಾಕು. ಆ ಕೆಲಸ ಲಿನಕ್ಸ್ ಬ್ರೌಸರಿನಲ್ಲೂ ಆಗುತ್ತದೆ. ಸರ್ಕಾರಿ ಮುದ್ರಣದ ಟೆಂಡರ್ ಹಾಕುವವರಾದರೆ ಟೋಕನ್ ಬೇಕೇ ಬೇಕು, ಅದಕ್ಕೆ ವಿಂಡೋಸ್ ಯಂತ್ರವೇ ನಿರಾಳ.

ಮೊದಲು ಎಲ್ಲ ಡೇಟಾದ ಎರಡು ಪ್ರತಿ ಬೇರೆ ಬೇರೆ ಡಿಸ್ಕಿಗೆ, ಒಂದು ಮನೆಯಲ್ಲಿರಲಿ. ಫಾಂಟ್ ಫೋಲ್ಡರನ್ನೂ ಸೇರಿಸಿ. ಫಾಂಟ್ ಕಳೆದರೆ ಆಸ್ಕಿ ಫೈಲು ಇದ್ದೂ ಇಲ್ಲದಂತೆ. ವಿಂಡೋಸ್ 11 ಯಂತ್ರ ಬಂದ ದಿನವೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆಯೇ (ಗೂಢಲಿಪಿಯ ಬೀಗ ಬಿದ್ದಿದೆಯೇ) ನೋಡಿ ರಿಕವರಿ ಕೀ ಕಾಗದದ ಮೇಲೆ ಬರೆದಿಡಿ. ಇಲ್ಲವಾದರೆ ಮದರ್‌ಬೋರ್ಡ್ ಸುಟ್ಟ ದಿನ ಡಿಸ್ಕ್ ಸರಿಯಿದ್ದರೂ ತೆರೆಯದು. ಆಪರೇಟರ್‌ಗೆ ಲಿನಕ್ಸ್ ಯಂತ್ರದಲ್ಲಿ ಮೊದಲ ತಿಂಗಳು ಬರೀ ಮ್ಯಾಟರ್ ಟೈಪಿಂಗ್ ಮತ್ತು ಪ್ರೂಫ್ ಕೊಡಿ, ಡಿಸೈನ್ ಬೇಡ.

ಮಗನ ಲ್ಯಾಪ್‌ಟಾಪ್ ಪ್ರಶ್ನೆ ಬೇರೆ. ಕಂಪ್ಯೂಟರ್ ಸೈನ್ಸ್ ಓದುತ್ತಿದ್ದರೆ ಮ್ಯಾಕ್ ತಗೊಳ್ಳಲಿ, ಐಫೋನ್ ಆ್ಯಪ್ ಬರೆಯಲು ಬೇಕಾದ ಎಕ್ಸ್‌ಕೋಡ್ ಮ್ಯಾಕ್‌ನಲ್ಲಿ ಮಾತ್ರ ಇದೆ. ಮೆಕ್ಯಾನಿಕಲ್ ಆದರೆ ಬೇಡ, ಸಾಲಿಡ್‌ವರ್ಕ್ಸ್ ವಿಂಡೋಸ್‌ನದು. ಯಾವುದೇ ಆದರೂ ಅದನ್ನು ಅಂಗಡಿಯ ಲೆಕ್ಕಕ್ಕೆ ಸೇರಿಸಬೇಡಿ.

ಹಳೇ ಡಿಸ್ಕ್ ಒರೆಸುವ ಮುನ್ನ ಟ್ಯಾಲಿಯಲ್ಲಿ ಲೈಸೆನ್ಸ್ ಸರೆಂಡರ್ ಮಾಡಿ, ಆಮೇಲೆ ಹೊಸ ಯಂತ್ರದಲ್ಲಿ ಆ್ಯಕ್ಟಿವೇಟ್ ಮಾಡಿ. ಡೇಟಾ ಫೋಲ್ಡರ್ ಕಾಪಿ ಆದ ಮಾತ್ರಕ್ಕೆ ಲೈಸೆನ್ಸ್ ಬರುವುದಿಲ್ಲ. ಸರೆಂಡರ್ ಮಾಡದೆ ಫಾರ್ಮ್ಯಾಟ್ ಹೊಡೆದರೆ ಅದು ಹಳೇ ಯಂತ್ರದ ಹೆಸರಿನಲ್ಲೇ ಉಳಿದು, ಬಿಡಿಸಿಕೊಳ್ಳಲು ಸಪೋರ್ಟ್‌ಗೆ ಫೋನ್ ಹಚ್ಚಬೇಕಾಗಬಹುದು. ಕೋರೆಲ್ ಲೈಸೆನ್ಸ್‌ನದೂ ಹೀಗೇ, ಸೈನ್‌ಔಟ್ ಮಾಡಿ ಆಮೇಲೆ ಒರೆಸಿ.